ಎರಡನೆಯ ಬುಟ್ಟಿ

ಲಕ್ಷ್ಮಕ್ಕಾ, ಆ ಕಪ್ಪೆಗಳನ್ನು ಬಿಟ್ಟವನು ನಾನು. ನೀವಲ್ಲ — ನಾನು. ಟೇಕಲ್ ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತ ವೆಂಕಟೇಶ, ನಿಮ್ಮ ಗಂಡ ಚೌಡಪ್ಪನ ಜೀವದ ಗೆಳೆಯ, ನಿಮ್ಮ ಕೈಯ ಮುದ್ದೆ ತಿಂದವನು. ಬರೆದೇಬಿಟ್ಟೆ ನೋಡಿ! ಯುದ್ಧಕ್ಕೂ ಮೊದಲು ಮಾಡಿದ್ದನ್ನು ಸ್ವಾತಂತ್ರ್ಯ ಬಂದ ಮೇಲೆ ಹೇಳುತ್ತಿದ್ದೇನೆ. ಇನ್ನು ಪೆನ್ನು ನಿಲ್ಲಲೊಲ್ಲದು.

ವಿಶ್ವವಿದ್ಯಾನಿಲಯಕ್ಕೆ ಕಪ್ಪೆ ಬೇಕಂತೆ ಎಂದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನೆನಪಿದೆಯೇ? ಬೆಂಗಳೂರಿನಿಂದ ಪ್ರಾಣಿಶಾಸ್ತ್ರದ ಮೇಷ್ಟರು ಬಂದು, ಷರಾಯಿ ಮಡಿಸಿಕೊಂಡು ನಮ್ಮ ಕೆರೆಗೆ ಇಳಿದಿದ್ದರು. ಅಲ್ಲಿಯವರೆಗೆ ಪಟ್ಟಣದ ದೊಡ್ಡ ಅಂಗಡಿಯೊಂದು ಸೀಸೆಯಲ್ಲಿ ಔಷಧಿ ಹಾಕಿಟ್ಟ ಕಪ್ಪೆಗಳನ್ನು ಬಾಯಿಗೆ ಬಂದ ಬೆಲೆಗೆ ಅವರಿಗೆ ಮಾರುತ್ತಿತ್ತು. ಅದು ಜನರ ಹಣ, ಕೆರೆಯಲ್ಲಿ ಹಿಡಿಯುವವನ ಕೈಗೇ ಹೋಗಲಿ ಎಂದು ಮೇಷ್ಟರು ಮೇಲಿನವರೊಡನೆ ಜಗಳವಾಡಿ ಚೌಡಪ್ಪನಿಗೆ ಗುತ್ತಿಗೆ ಕೊಡಿಸಿದರು. ಅದೂ ಒಂದು ಸಲ ನೋಡೋಣ ಎಂದು ಮಾತ್ರ. ಕಾಲೇಜು ತೆರೆದ ವಾರ ಜೀವಂತ ಕಪ್ಪೆ ಬಂದರೆ ಗುತ್ತಿಗೆ ಖಾಯಂ, ಇಲ್ಲದಿದ್ದರೆ ಮತ್ತೆ ಅದೇ ಅಂಗಡಿ.

ಚೌಡಪ್ಪ ಹಿಡಿಯುತ್ತಿದ್ದ, ನೀವು ಬುಟ್ಟಿಗೆ ಒದ್ದೆ ಹುಲ್ಲು ಹಾಸಿ, ಮೇಲೆ ಗೋಣಿ ಹೊದಿಸಿ ದಬ್ಬಳದಿಂದ ಹೊಲಿಯುತ್ತಿದ್ದಿರಿ. ನಾನು ಅದನ್ನು ರೈಲಿಗೆ ಏರಿಸಬೇಕು. ಅಷ್ಟೇ ನನ್ನ ಕೆಲಸ — ಅಷ್ಟನ್ನೂ ಮಾಡಲಿಲ್ಲ.

ಆ ವರ್ಷ ರೋಹಿಣಿ ಹೋಯಿತು, ಮೃಗಶಿರ ಹೋಯಿತು, ಮೋಡ ಮಾತ್ರ ಬಂದು ಬಂದು ಹಲ್ಲು ಕಿರಿದು ಹೋಗುತ್ತಿತ್ತು. ಊರವರು ಕಪ್ಪೆ ಮದುವೆ ಮಾಡೋಣ ಎಂದರು. ಮದುವೆಗೆ ಗಂಡು ಹೆಣ್ಣು ಬೇಕಲ್ಲ! ಕೆರೆಯ ಕೆಸರೆಲ್ಲ ಕೆದಕಿದರೂ ಒಂದೂ ಕಪ್ಪೆಯಿಲ್ಲ. ಇದ್ದಬದ್ದವೆಲ್ಲ ನಿಮ್ಮ ಎರಡು ಬುಟ್ಟಿಗಳಲ್ಲಿ ಕೂತು, ನನ್ನ ಪಾರ್ಸೆಲ್ ಕೋಣೆಯಲ್ಲಿ ವಟಗುಟ್ಟುತ್ತ ರೈಲು ಕಾಯುತ್ತಿದ್ದವು. ಚೌಡಪ್ಪ ಇನ್ನಷ್ಟು ಹುಡುಕಲು ಮುಳಬಾಗಿಲ ಕಡೆಗೆ ಹೋಗಿದ್ದ.

ಮಧ್ಯಾಹ್ನ ಸ್ಟೇಷನ್ ಮಾಸ್ತರು ಊಟಕ್ಕೆ ಹೋದ ಹೊತ್ತು ನೋಡಿಕೊಂಡು ನನ್ನ ಅಜ್ಜಿ ಬಂದಳು.

"ಒರೇ ವೆಂಕ್ಟೇಶ, ಒಂದೇ ಒಂದು ಜೋಡಿ ಕೊಡೋ. ಆ ಕಾಲೇಜಿನೋರು ಕೊಯ್ದು ಏನ್ ನೋಡ್ತಾರೆ? ಇಲ್ಲಿ ಮಳೆ ಇಲ್ದೆ ಊರೇ ಒಣಗ್ತಾ ಇದೆ ಕಣೋ."

ನಾನು ಮಿಡ್ಲ್ ಸ್ಕೂಲು ಪಾಸಾದವನು. ಕಪ್ಪೆ ಮದುವೆಗೂ ಮಳೆಗೂ ಸಂಬಂಧವಿಲ್ಲ ಎಂದು ಊರಿಗೆಲ್ಲ ಉಪನ್ಯಾಸ ಕೊಟ್ಟವನು. ಆದರೂ — ಒಂದು ಜೋಡಿ ತಾನೇ? ಹೊಲಿಗೆ ಒಂದು ಗೇಣು ಬಿಚ್ಚಿ ಕೈಯಿಟ್ಟೆ. ಅಯ್ಯೋ, ಅದೇನು ಹಾರಾಟ! ಒಂದು ನನ್ನ ಮೂತಿಗೇ ಹಾರಿತು. ಮಿಕ್ಕವು ತಕ್ಕಡಿಯ ಮೇಲೆ, ಅಜ್ಜಿಯ ಸೆರಗಿನೊಳಗೆ, ಬಾಗಿಲಾಚೆ. ಅಜ್ಜಿ ಕಿರುಚುತ್ತ ನಗುತ್ತ ಒಂದು ಜೋಡಿಯನ್ನು ಸೆರಗಲ್ಲಿ ಕಟ್ಟಿಕೊಂಡಳು. ನಾನು ಹಿಡಿಯಲು ಓಡಿದೆ, ಜಾರಿ ಬಿದ್ದೆ, ನಗು ತಡೆಯಲಾರದೆ ಅಲ್ಲೇ ಕೂತೆ. ಚಿಕ್ಕಂದಿನಿಂದ ಹಾಗೆ ನಕ್ಕಿರಲಿಲ್ಲ.

ಮೊದಲ ಬುಟ್ಟಿ ಕೈ ಮೀರಿದ್ದು. ಅಷ್ಟೇ ಆಗಿದ್ದರೆ ನಾನು ನಿಮ್ಮ ಮನೆಗೆ ಓಡಿ ಬಂದು ಕಾಲು ಹಿಡಿಯುತ್ತಿದ್ದೆ. ಆದರೆ ಎರಡನೆಯ ಬುಟ್ಟಿಯನ್ನು, ಲಕ್ಷ್ಮಕ್ಕಾ, ನಾನೇ ಕೈಯಾರೆ ಹೊತ್ತು ಕೆರೆ ಕಡೆಯ ಇಳಿಜಾರಿನಲ್ಲಿ ಬಗ್ಗಿಸಿದೆ. ಯಾಕೆ? ಹೇಗೂ ಅರ್ಧ ಹೋಯಿತು ಎಂದೋ, ಎಲ್ಲಾದರೂ ಮಳೆ ಬಂದುಬಿಟ್ಟರೆ ಎಂದೋ — ಇಲ್ಲ, ಅವು ಸಾಲು ಸಾಲಾಗಿ ನೆಗೆಯುವುದನ್ನು ಇನ್ನೊಮ್ಮೆ ನೋಡುವ ಆಸೆಗೆ. ಆಮೇಲೆ ಬುಟ್ಟಿಗಳಿಗೆ ಹುಲ್ಲು ತುಂಬಿ, ಒದ್ದೆ ಮಾಡಿ, ಗೋಣಿ ಹೊಲಿದು ರೈಲಿಗೆ ಹಾಕಿದೆ.

"ನೋರು ಮೂಸ್ಕೋ. ಬಾಯಿ ಬಿಡ್ಬೇಡ, ಯಾರ ಹತ್ರಾನೂ ಆಡ್ಬೇಡ," ಎಂದಳು ಅಜ್ಜಿ.

ಸಂಜೆ ಕಪ್ಪೆಗಳಿಗೆ ಅರಿಶಿನ ಹಚ್ಚಿ ಮದುವೆಯಾಯಿತು. ಅಕ್ಕಿಕಾಳು ಹಾಕಿದ ಕೈ ಒಣಗುವ ಮೊದಲೇ ಮಳೆ! ಎಂಥ ಮಳೆ! ಊರಿಗೆ ಊರೇ ಬೀದಿಯಲ್ಲಿ ಕುಣಿಯಿತು. ನೀವೂ ಕುಣಿದಿರಿ. ನಾನು ನೆನೆಯುತ್ತ ನಿಂತು, ಈ ಮಳೆ ತಂದವನು ನಾನೇ ಎಂದು ಒಳಗೊಳಗೇ ಹಿಗ್ಗಿದೆ. ಇವತ್ತಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಇಷ್ಟು ನಾಚಿಕೆಯ ನಡುವೆಯೂ ಆ ಹಿಗ್ಗು ಸತ್ತಿಲ್ಲ, ಅದನ್ನೂ ನಿಮ್ಮ ಮುಂದೆ ಮುಚ್ಚಿಡಲಾರೆ.

ಅತ್ತ ಮೇಷ್ಟರು ಮೇಲಿನವರನ್ನೆಲ್ಲ ಕರೆದು ಕೂರಿಸಿಕೊಂಡು ಬುಟ್ಟಿ ಬಿಚ್ಚಿಸಿದರಂತೆ. ಹುಲ್ಲು. ಬರೀ ಹುಲ್ಲು. ಹಳ್ಳಿಯವರನ್ನು ನಂಬಿದರೆ ಹೀಗೇ ಎಂದು ಎಲ್ಲರೂ ನಕ್ಕರಂತೆ. ಗುತ್ತಿಗೆ ದೊಡ್ಡ ಅಂಗಡಿಗೇ ಮರಳಿತು, ಈ ಸಲ ಇನ್ನೂ ಹೆಚ್ಚಿನ ಬೆಲೆಗೆ. ಮೇಷ್ಟರು ಆಮೇಲೆ ನಮ್ಮ ಕೆರೆಯ ಕಡೆ ತಲೆ ಹಾಕಲಿಲ್ಲ.

ಬುಟ್ಟಿಗಳು ವಾಪಸು ಬಂದ ದಿನ ಚೌಡಪ್ಪ ಅವನ್ನು ಬೀದಿಯಲ್ಲಿ ಇಟ್ಟು ನನ್ನನ್ನು ಕೇಳಿದ: "ಸ್ಟೇಷನ್ನಲ್ಲಿ ಯಾರಾದ್ರೂ ಮುಟ್ಟಿದ್ರೇನೋ?"

"ಯಾರೂ ಮುಟ್ಟಿಲ್ಲ ಕಣೋ. ನಿಮ್ಮನೆಯಿಂದ ಬಂದ ಹಾಗೇ ರೈಲಿಗೆ ಹಾಕ್ದೆ."

ಅದೊಂದು ಮಾತು. ಕಪ್ಪೆ ಬಿಟ್ಟದ್ದು ಹುಚ್ಚಾಟ. ಪಾಪವೆಂದರೆ ಈ ಮಾತು. ಅವನು ತಿರುಗಿ ನಿಮ್ಮನ್ನು ನೋಡಿದ. ಊರ ಹೆಂಗಸರು ನಿಮ್ಮ ಬಳಿ ಕಪ್ಪೆ ಬೇಡಿದ್ದು, ನೀವು ಮಳೆಯಲ್ಲಿ ಕುಣಿದದ್ದು ಅವನಿಗೆ ಗೊತ್ತಿತ್ತು.

"ಇದು ನನ್ನ ಹೊಲಿಗೆ ಅಲ್ಲ," ಎಂದಿರಿ ನೀವು, ಒಂದು ಬದಿ ಮಾತ್ರ ಬಿಚ್ಚಿದ್ದ ಗೋಣಿ ಹಿಡಿದು. "ದೇವ್ರಾಣೆಗೂ ಅಲ್ಲ. ಯಾರಾದ್ರೂ ಬಂದು ನೋಡ್ರಪ್ಪಾ."

ಯಾರೂ ನೋಡಲಿಲ್ಲ. ನಾನು ನೋಡಿದೆ — ಮೂಟೆಗೆ ಹಾಕುವ ನನ್ನದೇ ದೊಡ್ಡ ದೊಡ್ಡ ಹೊಲಿಗೆ. ನೋಡಿ ಮುಖ ತಿರುಗಿಸಿದೆ. ಅವತ್ತೇ ನೀವು ತವರಿಗೆ, ಹೋಳೂರಿಗೆ, ಹೊರಟಿರಿ. ನಾನೇ ಬಿಟ್ಟೆ ಎಂದು ಸುಳ್ಳು ಒಪ್ಪಿಕೊಂಡು ಬಾಳಲಾರೆ ಎಂದಿರಿ. ಚೌಡಪ್ಪ ಕರೆಯಲು ಬರಲಿಲ್ಲ.

ಹೋದ ವರ್ಷ ಅವನು ಹಾಸಿಗೆ ಹಿಡಿದಾಗ ಪಕ್ಕದಲ್ಲಿದ್ದವನು ನಾನೇ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಅವ್ಳು ಒಂದ್ಸಲ ಹೌದು ಅಂದಿದ್ರೆ ಸಾಕಾಗಿತ್ತು ಕಣೋ. ನಾನೇನ್ ಹೊಡೀತಿದ್ನಾ? ನಕ್ಕು ಬಿಡ್ತಿದ್ದೆ," ಎಂದ.

ಆಗಲಾದರೂ — ನಾಲಗೆಯ ತುದಿಗೆ ಬಂದಿತ್ತು, ಲಕ್ಷ್ಮಕ್ಕಾ. ನಾನು ಹೇಳಿದ್ದು ಮಾತ್ರ, "ಮಲಗೋ, ಆಯಾಸ ಆಗುತ್ತೆ" ಎಂದು. ನೀವು ಹೌದು ಎನ್ನಲೆಂದು ಕಾಯುತ್ತಲೇ ಅವನು ಹೋದ.

ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಡುವ ಭಾರವೂ ನಿಮ್ಮ ಮೇಲೇ ಬೀಳುತ್ತದೆ. ಮೇಷ್ಟರಿಗೂ ಬರೆದಿದ್ದೇನೆ, ಚೌಡಪ್ಪ ಮೋಸಗಾರನಲ್ಲ ಎಂದು. ಈ ಕಾಗದದ ಹಿಂದೆಯೇ ನಾನೂ ಹೋಳೂರಿಗೆ ಬರುತ್ತೇನೆ. ನಿಮ್ಮ ಅಣ್ಣತಮ್ಮಂದಿರ ಎದುರು, ಬೀದಿಯವರೂ ಕೇಳುವಂತೆ, ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಚೌಡಪ್ಪನ ಅಟ್ಟದ ಮೇಲೆ ಆ ಎರಡು ಬುಟ್ಟಿ ಗೋಣಿ ಸಮೇತ ಇನ್ನೂ ಇದ್ದವು. ಎರಡನ್ನೂ ಹೊತ್ತು ತರುತ್ತೇನೆ. ಅವತ್ತು ಯಾರೂ ನೋಡದ ಹೊಲಿಗೆಯನ್ನು ಈಗ ಎಲ್ಲರೂ ನೋಡಲಿ.