ಹಲ್ಲಿಲ್ಲದವರ ತಟ್ಟೆ

ಆಫೀಸಿನಿಂದ ಬರುವ ದಾರಿಯಲ್ಲಿ, ಜೆ.ಪಿ. ನಗರದ ಒಂದು ಸಣ್ಣ ಮುದ್ದೆ ಹೋಟೆಲಿನ ಮುಂದೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಕುದಿಯುವ ನೀರಿಗೆ ರಾಗಿ ಹಿಟ್ಟು ಬಿದ್ದು, ಕೋಲಿನಲ್ಲಿ ತಿರುವುವಾಗ ಏಳುವ ಆ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಪುಟ್ಟೇನಹಳ್ಳಿಯ ನಮ್ಮ ಹೆಂಚಿನ ಮನೆ ಕಣ್ಣಮುಂದೆ ಬರುತ್ತದೆ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು. ಆ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳೆದ್ದಿವೆ. ಹೊಲವೆಲ್ಲ ಸೈಟುಗಳಾಗಿ ಮನೆಗೆ ಡೈನಿಂಗ್ ಟೇಬಲ್ಲು ಬಂದ ಮೇಲೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಉಣ್ಣುತ್ತಿದ್ದವರು ಇಬ್ಬರೇ, ನನ್ನ ತಾತ ಮತ್ತು ನಾನು. ನಮ್ಮಿಬ್ಬರಿಗೂ ಹಲ್ಲಿರಲಿಲ್ಲ.

ತಾತನ ಹಲ್ಲು ವಯಸ್ಸಿಗೆ ಹೋಗಿದ್ದವು. ನನ್ನವು ಹೋದದ್ದು ಅಮ್ಮನ ಮುದ್ದಿಗೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಲ್ಲದೆ ನಾನು ಮಲಗುತ್ತಿರಲಿಲ್ಲವಂತೆ. ಮುಂದಿನ ಹಲ್ಲುಗಳು ಕಪ್ಪಾಗಿ ಮೊಟಕಾದವು, ದವಡೆ ಹಲ್ಲುಗಳು ಹುಳುಕಾದವು. "ಹಾಲು ಹಲ್ಲು ತಾನೆ, ಬಿದ್ದೋಗುತ್ತೆ ಬಿಡಿ" ಎಂದ ಪಕ್ಕದ ಮನೆಯವರ ಮಾತು ನಂಬಿ ಅಮ್ಮ ಸುಮ್ಮನಿದ್ದಳು. ಒಂದು ದಿನ ನನ್ನ ಕೆನ್ನೆ ಊದಿಕೊಂಡಾಗ ಜಯನಗರದ ಹಲ್ಲಿನ ಡಾಕ್ಟರ ಹತ್ತಿರ ಓಡಿದಳು. ಅವರು ಮುಂದಿನವನ್ನೆಲ್ಲ, ದವಡೆಯ ಕೆಲವನ್ನು ಕಿತ್ತು, ಉಳಿದವಕ್ಕೆ ಸಿಮೆಂಟು ತುಂಬಿ ಕಳಿಸಿದರು. ಆಮೇಲೆ ಊಟವೆಂದರೆ ನಾನು ಬಾಯಿ ಬಿಗಿಹಿಡಿಯುತ್ತಿದ್ದೆ. ಏನು ಅಗಿದರೂ ನೋಯುತ್ತದೆಂಬ ಹೆದರಿಕೆ. ಪಕ್ಕೆಲುಬು ಕಾಣುವಷ್ಟು ಬಡಕಲಾದೆ. ಅಮ್ಮ ತಟ್ಟೆ ಹಿಡಿದು ನನ್ನ ಹಿಂದೆ ಮನೆಯೆಲ್ಲ ಅಲೆದು, ಕೊನೆಗೆ ಅಳುತ್ತ ಕೂತುಬಿಡುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ತಾತ ನನ್ನನ್ನು ತನ್ನ ಚಾಪೆಗೆ ಕರೆದ. "ಬಾರವ್ವ ಇಲ್ಲಿ. ಮುದ್ದೆ ಅಗಿಯೋದಲ್ಲ ಕಣೆ, ನುಂಗೋದು. ಇದರಲ್ಲಿ ಹಲ್ಲಿಗೇನು ಕೆಲ್ಸ?" ಎಂದು ಹುಣಸೆ ಬೀಜದಷ್ಟು ಮುದ್ದೆ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟ. ಜಾರಿ ಒಳಗೆ ಹೋಯಿತು. ನೋಯಲಿಲ್ಲ. ನಾನು ಮತ್ತೆ ಬಾಯಿ ತೆರೆದೆ. ಅಂದಿನಿಂದ ತಾತನ ತಟ್ಟೆಯೇ ನನ್ನ ತಟ್ಟೆ. ಅನ್ನವನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಬೆಣ್ಣೆ ಮಾಡಿ, ನನಗೊಂದು ತುತ್ತು, ತನಗೊಂದು ತುತ್ತು. ಒಬ್ಬರಿಗೊಬ್ಬರು ಒಸಡು ತೋರಿಸಿಕೊಂಡು ನಗುತ್ತಿದ್ದೆವು. ಅಷ್ಟು ರುಚಿಯಾದ ಊಟ ನಾನು ಮತ್ತೆಲ್ಲೂ ಉಂಡಿಲ್ಲ. "ಹಲ್ಲು ಸೆಟ್ ಕಟ್ಟಿಸ್ಕೊಳ್ಳಿ ಮಾವ" ಎಂದು ಅಮ್ಮ ಹೇಳಿದರೆ, "ನಂಗೂ ಕೂಸಿಗೂ ಏನಾಗಿದೆ? ಚೆನ್ನಾಗಿಲ್ವಾ?" ಎಂದು ತಳ್ಳಿಹಾಕುತ್ತಿದ್ದ.

ಆಮೇಲೆ ನನಗೆ ಹಲ್ಲು ಬಂದವು. ಹಾಲು ಹಲ್ಲುಗಳು ಬೇಗ ಹೋಗಿದ್ದರಿಂದ ಹೊಸವು ಸಿಕ್ಕ ಜಾಗಕ್ಕೆ ನುಗ್ಗಿ, ಒಂದರ ಮೇಲೊಂದು ಸೊಟ್ಟಗೆ ಎದ್ದವು. ಸೊಟ್ಟವಾದರೇನು, ಕಡಿಯುವ ಹಲ್ಲು! ಶಾಲೆಯಿಂದ ಬಂದವಳೇ ಟೇಬಲ್ಲಿನ ಮುಂದೆ ಕೂತು ಕೋಡುಬಳೆ ಕಟಕಟ ಕಡಿಯುತ್ತಿದ್ದೆ. ರಾತ್ರಿಯ ಊಟವೂ ಅಲ್ಲಿಯೇ. ಚಾಪೆಯ ಮೇಲೆ ತಾತ ಒಬ್ಬನೇ ಉಳಿದ. ಕೆಲವು ವಾರ ಕಳೆದು ಒಂದು ಸಂಜೆ ನೋಡುತ್ತೇನೆ, ನನ್ನ ಪಕ್ಕದ ಕುರ್ಚಿಯಲ್ಲಿ ತಾತ, ಬಾಯಿ ತುಂಬ ಹಲ್ಲು! "ನಂಗೂ ಒಂದು ಕೊಡವ್ವ" ಎಂದು ಕೋಡುಬಳೆ ತೆಗೆದುಕೊಂಡು ಕಟುಂ ಎಂದು ಕಡಿದ. ನಾನು ಚಪ್ಪಾಳೆ ತಟ್ಟಿದೆ. ಅವನು ಬದುಕಿರುವವರೆಗೂ ನಮ್ಮ ಸಂಜೆಗಳು ಹಾಗೆಯೇ ನಡೆದವು.

ತಾತ ತೀರಿಕೊಂಡ ಮೇಲೆ, ಮನೆ ಕೆಡವಲೆಂದು ಸಾಮಾನು ಎತ್ತುವಾಗ ಅಮ್ಮ ಹೇಳಿದಳು: "ಆ ಸೆಟ್ ಅವರಿಗೆ ಯಾವತ್ತೂ ಸರಿಯಾಗಿ ಕೂರ್ಲಿಲ್ಲ ಕಣೆ. ಒಸಡೆಲ್ಲ ಹುಣ್ಣು. ನಿನ್ನ ಸ್ಕೂಲ್ ವ್ಯಾನ್ ಸದ್ದು ಕೇಳಿದ್ರೆ ಹಾಕ್ಕೊಳ್ಳೋರು. ನೀನು ಆಡಕ್ಕೆ ಹೋದ ತಕ್ಷಣ ತೆಗೆದಿಡೋರು." ಆ ಒಂದು ಕಟುಂ ನನಗೆ ಕೇಳಿಸಲೆಂದು ಮಾತ್ರ. ಕಡಿದ ತುಂಡನ್ನು ತಾತ ಅಗಿಯುತ್ತಲೇ ಇರಲಿಲ್ಲವಂತೆ. ಕೆನ್ನೆಯಲ್ಲಿ ಒತ್ತರಿಸಿಟ್ಟುಕೊಂಡು, ಅದು ನೆನೆದು ಮೆತ್ತಗಾಗುವವರೆಗೂ ನನ್ನ ಶಾಲೆಯ ಸುದ್ದಿ ಕೇಳುತ್ತ ಕೂತಿರುತ್ತಿದ್ದನಂತೆ.