ಕಂಬದ ಕೆಳಗಿನ ಹಗುರ ಕೆಲಸ

ಹರಿಹರದ ಸರೋಜಾ ಮದುವೆಯಾದ ದಿನದಿಂದಲೂ ಕರೆಂಟಿಗೆ ಹೆದರಿಕೊಂಡೇ ಸಂಸಾರ ಮಾಡಿದವಳು. ಗಂಡ ಹನುಮೇಶ್ ಗುತ್ತಿಗೆಯ ಲೈನ್‌ಮನ್. ಭಾನುವಳ್ಳಿ, ನಂದಿಗುಡಿ ಕಡೆಯ ಗದ್ದೆಗಳಲ್ಲಿ ಕಂಬ ಹತ್ತಿ ತಂತಿ ಬಿಗಿಯುವವನು. ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಸರೋಜಾ, ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳುವವರೆಗೆ ಉಸಿರು ಬಿಗಿಹಿಡಿದೇ ಇರುತ್ತಿದ್ದಳು. ಕಡೆಗೆ ಅವನನ್ನು ಕೆಡವಿದ್ದು ಕರೆಂಟಲ್ಲ. ಬಚ್ಚಲ ಮುಂದೆ ಹಲ್ಲುಜ್ಜುತ್ತ ನಿಂತಿದ್ದವನಿಗೆ ಲಕ್ವಾ ಹೊಡೆಯಿತು.

ಕೈಕಾಲು ಬೇಗನೇ ಹಿಡಿತಕ್ಕೆ ಬಂದವು. ನೋಡಲು ಬಂದ ನೆಂಟರು ಅವನು ನಡೆದಾಡುವುದನ್ನು ಕಂಡು, ದೇವರು ದೊಡ್ಡವನು ಎಂದು ಚಹಾ ಕುಡಿದು ಹೋದರು. ನಮ್ಮ ಜನಕ್ಕೆ ಕಾಯಿಲೆ ಎಂದರೆ ಮನುಷ್ಯ ಕುಂಟಬೇಕು, ಬಾಯಿ ಸೊಟ್ಟಗಾಗಬೇಕು. ತಲೆಯೊಳಗೆ ಏನು ಹೋಯಿತು ಎಂದು ಕೇಳುವ ಅಭ್ಯಾಸವೇ ಇಲ್ಲ. ಹೋದದ್ದು ಏನೆಂದು ಸರೋಜಾಗೆ ಗೊತ್ತಿತ್ತು. ಗ್ಯಾಸ್ ಆರಿಸಿದಿರಾ ಎಂದು ಕೇಳಿದರೆ ಆರಿಸಿದೆ ಎನ್ನುತ್ತಿದ್ದ. ಹೋಗಿ ನೋಡಿದರೆ ಒಲೆ ಉರಿಯುತ್ತಲೇ ಇರುತ್ತಿತ್ತು. ಸುಳ್ಳು ಹೇಳುವವನ ಮುಖವಲ್ಲ ಅದು, ಖಾತ್ರಿಯಿಂದ ಹೇಳುವವನ ಮುಖ. ಆ ಖಾತ್ರಿಗೇ ಅವಳು ಹೆದರುತ್ತಿದ್ದಳು.

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಇಂಥವರಿಗೆ ನೆನಪಿನ, ಗಮನದ ಅಭ್ಯಾಸ ಮಾಡಿಸುವ ಆಶಾರಾಣಿ ಎಂಬಾಕೆ, ತಲೆಗೆ ಸಣ್ಣ ಪ್ರಮಾಣದ ಕರೆಂಟ್ ಕೊಟ್ಟು ನೋಡೋಣ ಎಂದರು. ಸರೋಜಾ ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ಕೊಟ್ರವ್ವ ಎದೆ ಬಡಿದುಕೊಂಡಳು. "ಹುಚ್ಚರಿಗೆ ಕೊಡೋದು ಅದು. ಇದ್ದ ಮಗನ್ನ ಹುಚ್ಚನ್ನ ಮಾಡಬ್ಯಾಡ," ಎಂದಳು. ಓಣಿಯಲ್ಲೂ ಅದೇ ಮಾತು. ಲಕ್ವಾ ಎಂದರೆ ನಾಟಿ ಔಷಧ ಕಟ್ಟಿಕೊಡುವವರ ಹಾದಿ ಹೇಳುವ ಬಾಯಿಗಳೇ, ಆಸ್ಪತ್ರೆಯ ಹಾದಿಗೆ ಅಡ್ಡ ಬಿದ್ದವು.

ಆದರೂ ಸರೋಜಾ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡೇ ಹೋದಳು. ಹನುಮೇಶನ ಹೆದರಿಕೆ ಬೇರೆಯದು. ಆಶಾರಾಣಿ ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜನ್ನು ಹಣೆಗೆ ಕಟ್ಟಲು ಬಂದ ಕೂಡಲೇ ಕುರ್ಚಿ ಬಿಟ್ಟು ಎದ್ದ. ಒದ್ದೆ ಮತ್ತು ಕರೆಂಟ್ ಸೇರಿದರೆ ಏನಾಗುತ್ತದೆ ಎಂಬುದನ್ನು ಅವನು ಗದ್ದೆಯ ಬದುವಿನಲ್ಲಿ ಕಣ್ಣಾರೆ ಕಂಡಿದ್ದ. ಆಶಾರಾಣಿ ಬೈಯಲಿಲ್ಲ. ಇದು ಗೋಡೆಯ ಕರೆಂಟಲ್ಲ, ಸಣ್ಣ ಬ್ಯಾಟರಿಯದು, ಅಲ್ಲಲ್ಲಿ ತುರಿಸಬಹುದು ಅಷ್ಟೇ, ಬೇಡವೆಂದರೆ ಆ ಕ್ಷಣ ನಿಲ್ಲಿಸುತ್ತೇನೆ, ನಿಮಗೆ ಫಿಟ್ಸ್ ಇಲ್ಲವೆಂದು ಡಾಕ್ಟರು ನೋಡಿಯೇ ಕಳಿಸಿದ್ದಾರೆ ಎಂದು ಬಿಡಿಸಿ ಹೇಳಿದರು. ಇನ್ನೊಂದನ್ನೂ ಹೇಳಿದರು. ಇದೊಂದೇ ಗುಣ ಮಾಡುವುದಿಲ್ಲ, ಜೊತೆಗೆ ಮಾಡಿಸುವ ಅಭ್ಯಾಸಕ್ಕೆ ಆಸರೆ ಮಾತ್ರ, ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ಹನುಮೇಶ್ ಸರೋಜಾಳ ಮುಂಗೈ ಹಿಡಿದು ಕೂತ. ಬಳೆಗಳು ಒತ್ತಿ ಗಾಯವಾದರೂ ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ದಿನಾ ಬಸ್ಸು, ದಿನಾ ಸ್ಪಂಜು. ಪರದೆಯ ಮೇಲೆ ಚಿತ್ರಗಳು ಬಂದು ಹೋಗುತ್ತಿದ್ದವು, ಯಾವುದನ್ನು ಮೊದಲೇ ನೋಡಿದ್ದೆ ಎಂದು ಅವನು ಹೇಳಬೇಕು. ಬರಬರುತ್ತ ಉತ್ತರಗಳು ಸರಿಹೋಗತೊಡಗಿದವು. ಮನೆಯಲ್ಲಿ ಒಲೆಯೂ ಹೆಚ್ಚಿನ ಸಲ ಆರಿರುತ್ತಿತ್ತು. ಸರೋಜಾಳ ಎದೆ ಒಂಚೂರು ಸಡಿಲಾಗಿತ್ತು, ಅಷ್ಟರಲ್ಲಿ ಗುತ್ತಿಗೆದಾರ ಯೋಗರಾಜ್ ಬಂದ.

"ತಲೀಗೆ ಚಾರ್ಜ್ ಮಾಡಿಸ್ಕೊಂಡು ಬಂದಾನಲ್ಲಕ್ಕ, ಇನ್ನೇನು? ಕಂಬ ಹತ್ಸಂಗಿಲ್ಲ. ಕೆಳಗ ನಿಂತು ಫೋನ್ ಮಾಡೋದು. ಹಗುರ ಕೆಲಸ," ಎಂದ.

ಆ ಹಗುರ ಕೆಲಸ ಏನೆಂದರೆ: ಕರೆಂಟ್ ಬಿಡುವ ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ಬಂದ್ ಮಾಡಿಸಬೇಕು, ಅದಾದ ಮೇಲೆ ಹತ್ತುವವನಿಗೆ ಹತ್ತು ಎನ್ನಬೇಕು. ಇದಕ್ಕೆ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ತಗೊಳ್ಳುವುದು ಅನ್ನುತ್ತಾರೆ. ಮೇಲಿರುವವನ ಜೀವ ಕೆಳಗಿರುವವನ ನೆನಪಿನಲ್ಲಿರುತ್ತದೆ. ಕೈಕಾಲಿನ ಕೆಲಸವೇ ಭಾರ, ತಲೆಯ ಕೆಲಸ ಹಗುರ ಎಂದುಕೊಂಡ ಈ ಮಹಾಶಯರಿಗೆ ಏನು ಹೇಳುವುದು? ತಪ್ಪಾದರೆ ಸಾಯುವವನು ಕಂಬದ ಮೇಲಿನವನು, ಗುತ್ತಿಗೆದಾರನದು ಒಂದು ಹೂವಿನ ಹಾರದ ಖರ್ಚು.

ಇಂಥ ಕೆಲಸ ಈಗಲೇ ಬೇಡವೆಂದು ಆಶಾರಾಣಿ ಹೇಳಿದ್ದರು. ಸರೋಜಾ ಅದನ್ನೇ ಹೇಳಿ ಕೈಮುಗಿದಳು. "ಎಷ್ಟ್ ದಿನ ನಿನ್ನ ರೊಟ್ಟಿ ಕಾಯ್ಕಂತ ಕೂಡ್ಲಿ?" ಎಂದು ಹನುಮೇಶ್ ಹೊರಟೇಬಿಟ್ಟ. ಅವಳು ಹಿಟ್ಟು ನಾದುವುದನ್ನು ಅಲ್ಲಿಗೇ ಬಿಟ್ಟು, ಬುತ್ತಿಯ ನೆಪ ಮಾಡಿಕೊಂಡು, ಅವನ ಹಿಂದೆಯೇ ಮುಂದಿನ ಬಸ್ಸಿಗೆ ಭಾನುವಳ್ಳಿಗೆ ಹೋದಳು. ದಾರಿಯುದ್ದಕ್ಕೂ ಕಂಬಗಳನ್ನು ನೋಡಲಾಗದೆ ತಲೆ ತಗ್ಗಿಸಿಯೇ ಕೂತಿದ್ದಳು.

ಕಾಲುವೆಯ ಪಕ್ಕ ಅತೀಕ್ ಎಂಬ ಲೈನ್‌ಮನ್ ಸೊಂಟಕ್ಕೆ ಬೆಲ್ಟ್ ಬಿಗಿದು ನಿಂತಿದ್ದ. ಎರಡು ಮಕ್ಕಳ ತಂದೆ, ಸರೋಜಾಳ ಕೈಯ ರೊಟ್ಟಿ ಉಂಡವನು.

"ಅಣ್ಣ, ಎಲ್‌ಸಿ ಆತಾ?"

"ಆತು, ಹತ್ತು," ಎಂದ ಹನುಮೇಶ್.

ಅಡುಗೆಮನೆಯಲ್ಲಿ ಕೇಳಿಸುತ್ತಿದ್ದ ಅದೇ ದನಿ, ಅದೇ ಖಾತ್ರಿ. ಸರೋಜಾ ಓಡಿಹೋಗಿ ಅತೀಕನ ಬೆಲ್ಟ್ ಹಿಡಿದಳು. "ಹತ್ತಬ್ಯಾಡಪ್ಪ. ನೀನೇ ಒಂದ್ಸಲ ಕೇಳು."

"ಅಕ್ಕಾರು ಯಾವಾಗ ಇಂಜಿನಿಯರ್ ಆದ್ರಿ?" ಎಂದು ಯೋಗರಾಜ್ ನಕ್ಕ. ಅತೀಕ್ ನಗಲಿಲ್ಲ. ತನ್ನ ಫೋನಿನಿಂದ ಸ್ಟೇಷನ್‌ಗೆ ಕೇಳಿದ. ಲೈನ್ ಬಂದ್ ಆಗಿತ್ತು. ಹನುಮೇಶನೇ ಸ್ವಲ್ಪ ಹೊತ್ತಿನ ಮುಂಚೆ ಹೇಳಿ ಮಾಡಿಸಿದ್ದ. ಎಲ್ಲರೂ ಗೊಳ್ಳೆಂದರು. ಅತೀಕನೂ ಈಗ ನಗುತ್ತಲೇ ಕಂಬಕ್ಕೆ ಕಾಲಿಟ್ಟ. ನಾಲ್ಕು ಜನರೆದುರು ಗಂಡನ ಮಾನ ಕಳೆದೆನಲ್ಲ ಎಂದು ಸರೋಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹನುಮೇಶ್ ಬೈಯಲು ಬಂದಿರಬೇಕು ಎಂದುಕೊಂಡರೆ, ಹತ್ತಿರ ಬಂದು ಪಿಸುಗುಟ್ಟಿದ.

"ನಾ ಫೋನ್ ಮಾಡಿದ್ದು ನೀ ನೋಡಿದೇನು?"

"ಇಲ್ರಿ. ನಾ ಈಗರ ಬಂದೆ."

"ನಂಗೂ ನೆಪ್ಪಿಲ್ಲ."

ಅವನ ತುಟಿ ಬಿಳಚಿಕೊಂಡಿತ್ತು. ಆತು ಎಂದು ಬಾಯಿಗೆ ಬಂತು, ಅಂದುಬಿಟ್ಟೆ, ಮಾಡದೇ ಇದ್ದಿದ್ದರೂ ಹಾಗೇ ಅನ್ನುತ್ತಿದ್ದೆ ಎಂದ. ಆಮೇಲೆ ತಲೆ ಎತ್ತಿ, ಅರ್ಧ ಕಂಬ ಏರಿದ್ದವನನ್ನು ಕೂಗಿದ. "ಅತೀಕ್, ಇಳಿ." ಅವನ ಕಾಲು ನೆಲಕ್ಕೆ ತಾಗಿದ ಮೇಲೆ ಫೋನನ್ನು ಯೋಗರಾಜನ ಕೈಗಿಟ್ಟ. "ನಂದು ನಂಬಬ್ಯಾಡ್ರಿ. ಇವತ್ತು ಸರಿ ಇತ್ತು. ನಾಳೆ ಹೆಂಗೋ ನಂಗೇ ಗೊತ್ತಿಲ್ಲ." ಯೋಗರಾಜ್ ಏನೋ ಗೊಣಗಿದ. ಅತೀಕ್ ಮಾತ್ರ ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮತ್ತೆ ಹತ್ತು ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ವಾಪಸು ಬಸ್ಸಿನಲ್ಲಿ ಹರಿಹರ ಹತ್ತಿರವಾದಾಗ ಹನುಮೇಶ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ. "ಆಸ್ಪತ್ರೆಯಾಗಿನ ಚಿತ್ರಾನೂ ಅರ್ಧ ಊಹೆ ಮ್ಯಾಲ ಹೇಳೀನಿ. ನೀ ಹೆದರ್ತೀ ಅಂತ."

ಗುಣವಾಗಿದೆ ಎಂದು ಸರೋಜಾ ಅಂದುಕೊಂಡದ್ದರಲ್ಲಿ ನಿಜ ಎಷ್ಟು, ಊಹೆ ಎಷ್ಟು? ನೆರಳಂತೆ ಹಿಂದೆ ಹೋಗಿ ಇನ್ನೆಷ್ಟು ಬೆಲ್ಟು ಹಿಡಿಯುವುದು? ದಿನಾ ಹೋಗುವ ಸುತ್ತು ಮುಗಿದಿತ್ತು, ಅವತ್ತು ಆಸ್ಪತ್ರೆಯ ಸರದಿ ಇರಲಿಲ್ಲ. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಮನೆಯ ಕಡೆ ತಿರುಗಲಿಲ್ಲ. "ಇದನ್ನ ಮೇಡಂ ಮುಂದ ನೀವೇ ಹೇಳ್ಬೇಕ್ರಿ," ಎಂದು ದಾವಣಗೆರೆಯ ಬಸ್ಸಿಗೆ ಅವನನ್ನು ಹತ್ತಿಸಿ, ತಾನೂ ಹತ್ತಿದಳು.