ಮೂರು ಸ್ಕ್ರೂ, ಎರಡು ಪಿನ್ನು

ಡ್ರೈ ಫೋರ್ಕ್ ಊರಿನ ಬಂದೂಕು ಸಂತೆಯಲ್ಲಿ ಥೋರಾ ಬೆಕ್‌ಸ್ಟ್ರಾಂಡಳ ಮೇಜಿಗೆ ಮೂವತ್ತೊಂದು ವರ್ಷ. ಅವಳು ಅಲ್ಲಿ ಏನನ್ನೂ ಮಾರುವುದಿಲ್ಲ. ಒಂದು ದೀಪ, ಒಂದು ಭೂತಗನ್ನಡಿ, ಹಸಿರು ಬಟ್ಟೆಯ ಮೇಲೆ ಸಾಲಾಗಿ ನಾಲ್ಕು ಸ್ಕ್ರೂಡ್ರೈವರ್, ಇಷ್ಟೇ ಅವಳ ಸರಂಜಾಮು. ಜನ ತಮ್ಮ ಹಿರಿಯರ ರಿವಾಲ್ವರ್ ತಂದು ಮುಂದಿಡುತ್ತಾರೆ. ಅದು ಹಳೆಯದೋ ಹೊಸದೋ, ಎಷ್ಟು ಬೆಲೆ ಬಾಳುತ್ತದೆ ಎಂದು ಅವಳು ಬರೆದು ಸಹಿ ಹಾಕುತ್ತಾಳೆ. ಮಾಂಟಾನಾದ ಈ ಮೂಲೆಯಲ್ಲಿ ಆ ಸಹಿಯ ಮೇಲೆ ಎರಡನೇ ಮಾತಿಲ್ಲ. ಹಾಗೆಂದು ಅವಳನ್ನು ಯಾರೂ ಇಷ್ಟಪಡುವುದೂ ಇಲ್ಲ.

ಇಷ್ಟಪಡಲು ಅವಳು ಬಿಟ್ಟರೆ ತಾನೇ! ಹೋದ ವರ್ಷ ಒಬ್ಬ ತಾತನ ರಿವಾಲ್ವರನ್ನು ಚೆಂದ ಕಾಣಲೆಂದು ಯಂತ್ರದಲ್ಲಿ ಉಜ್ಜಿಸಿ, ಹೊಸ ಬಣ್ಣ ಹಾಕಿಸಿ ತಂದಿದ್ದ.

"ನಿನ್ನ ತಾತನ ಮುಖಾನೂ ಹೀಗೇ ಉಜ್ಜಿಸಿ ಹೂತ್ರಾ?" ಎಂದು ಕೇಳಿದ್ದಳು. "ಅರ್ಧ ಬೆಲೆ ಚರಂಡಿಗೆ ಹೋಯ್ತು. ಮುಂದಿನೋರು ಬನ್ನಿ."

ಅವಳ ಕಣ್ಣಿಗೆ ಮೊದಲು ಬೀಳುವುದು ಪಕ್ಕದ ಲೋಹ. ಅಲ್ಲಿ ಮೂರು ಸ್ಕ್ರೂ ಇದ್ದರೆ ಹಳೆಯ ಮಾದರಿ, ಎರಡು ಪಿನ್ನು ಇದ್ದರೆ ಹೊಸದು. ಹೊಸದರಲ್ಲಿ ಹಿಂಬದಿಯ ಸುತ್ತಿಗೆಯಂಥ ಹ್ಯಾಮರ್ ಎಳೆದಾಗ ಒಳಗಿನಿಂದ ತೆಳುವಾದ ಉಕ್ಕಿನ ಪಟ್ಟಿಯೊಂದು ಮೇಲೇಳುತ್ತದೆ. ಟ್ರಿಗರ್ ಒತ್ತದೆ ಗುಂಡು ಸಿಡಿಯುವುದಿಲ್ಲ. ಹಳೆಯದಕ್ಕೆ ಆ ಪಟ್ಟಿ ಇಲ್ಲ. ಹ್ಯಾಮರಿಗೆ ಏನಾದರೂ ಬಡಿದರೆ ಸಾಕು. ಅದಕ್ಕೇ ತಿಳಿದವರು ಆರು ಗುಂಡಿನ ಜಾಗದಲ್ಲಿ ಐದನ್ನೇ ತುಂಬಿ, ಖಾಲಿ ಬಿಟ್ಟಿದ್ದರ ಮೇಲೆ ಹ್ಯಾಮರ್ ಇಳಿಸುತ್ತಾರೆ. ತಯಾರಿಸಿದ ಕಂಪನಿಗೆ ಕಳಿಸಿದರೆ ಹೊರಗಿನ ಮೂರು ಸ್ಕ್ರೂ ಹಾಗೇ ಉಳಿಸಿ ಅವರೇ ಪುಕ್ಕಟೆಯಾಗಿ ಪಟ್ಟಿ ಹಾಕಿ, ತೆಗೆದ ಭಾಗಗಳನ್ನು ಪುಟ್ಟ ಚೀಲದಲ್ಲಿ ಹಿಂದಿರುಗಿಸುತ್ತಾರೆ. ಆದರೆ ಸಂಗ್ರಹ ಮಾಡುವ ಹುಚ್ಚಿನವರಿಗೆ ಯಾರೂ ಕೈಹಾಕದ್ದೇ ಬೇಕು. ಹಾಗಾಗಿ ಸುರಕ್ಷಿತವಾದದ್ದು ಅಗ್ಗ, ಕಾಲು ಮುರಿಯುವಂಥದ್ದು ದುಬಾರಿ. ಈ ನ್ಯಾಯವನ್ನು ಬೈಯುತ್ತಲೇ ಥೋರಾ ಹೊಟ್ಟೆ ಹೊರೆದಿದ್ದಾಳೆ.

ಆ ಶನಿವಾರ ಬೆಳಿಗ್ಗೆ ಲೈಲ್ ಟ್ವೀಟನ್ ಬಂದ. ಸಂತೆಯ ಸಮಿತಿಗೆ ಅವನೇ ಯಜಮಾನ. ಯಾರಿಗೆ ಮೇಜು, ಯಾರಿಗಿಲ್ಲ ಎಂದು ಹೇಳುವವನು. ಅವನ ಬೆನ್ನ ಹಿಂದೆ ಬಿಲಿಂಗ್ಸ್ ನಗರದಿಂದ ಬಂದ ಗಿರಾಕಿಯೊಬ್ಬ ದಾಲ್ಚಿನ್ನಿ ಬನ್ನು ತಿನ್ನುತ್ತ ನಿಂತಿದ್ದ.

"ಅಪ್ಪಂದು," ಎಂದು ಲೈಲ್ ರಿವಾಲ್ವರನ್ನು ಬಟ್ಟೆಯ ಮೇಲಿಟ್ಟ. "ಮೂರು ಸ್ಕ್ರೂ. ಯಾರೂ ಕೈ ಹಾಕಿಲ್ಲ. ಬರ್ದುಕೊಡು."

ಮರದ ಹಿಡಿಯ ಮೇಲೆ ಟ್ವೀಟನ್ನರ ದನಗಳಿಗೆ ಹಾಕುವ ಮುದ್ರೆಯನ್ನೇ ಸುಟ್ಟು ಒತ್ತಿದ್ದರು. ಥೋರಾಳಿಗೆ ಗುರುತು ಹಿಡಿಯಲು ಭೂತಗನ್ನಡಿ ಬೇಕಾಗಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಲೈಲ್‌ನ ಅಪ್ಪ ಆರ್ನೆಯ ರಾಂಚಿನಲ್ಲಿ ದನ ಕಾಯುವ ಕೆಲಸಕ್ಕಿದ್ದಳು. ಒಂದು ದಿನ ಕುದುರೆಗೆ ಜೀನು ಬಿಗಿಯುವಾಗ, ಮೇಲೆ ಸಿಕ್ಕಿಸಿದ್ದ, ಕಾಲಿಡುವ ರಿಕಾಪು ಜಾರಿ ಅವಳ ಸೊಂಟದಲ್ಲಿದ್ದ, ಆರ್ನೆ ಕೊಟ್ಟಿದ್ದ ಈ ರಿವಾಲ್ವರಿನ ಹ್ಯಾಮರಿಗೆ ಬಡಿಯಿತು. ಗುಂಡು ಅವಳ ಮೊಣಕಾಲನ್ನು ಸೀಳಿತು. ಹುಡುಗಿಗೆ ಐದೇ ತುಂಬಬೇಕೆಂಬ ಬುದ್ಧಿಯಿರಲಿಲ್ಲ ಎಂದು ಆರ್ನೆ ಊರೆಲ್ಲ ಹೇಳಿಕೊಂಡು ಬಂದ. ಹೋದ ಚಳಿಗಾಲದಲ್ಲಿ ಸಾಯುವವರೆಗೂ ಅದನ್ನೇ ಹೇಳಿದ.

"ತುಂಬಿಕೊಟ್ಟಿದ್ದು ನಿಮ್ಮಪ್ಪ," ಎಂದಳು ಥೋರಾ. "ಆರೂ ತುಂಬಿದ್ದ."

"ಶುರುವಾಯ್ತು ನೋಡಿ ಹಳೇ ಪುರಾಣ! ಬೆಲೆ ಹೇಳೇ ಅಂದ್ರೆ ಕಾಲು ತೋರಿಸ್ತಾಳೆ."

ಪಕ್ಕದ ಮೇಜಿನಲ್ಲಿ ಒಣಮಾಂಸ ಮಾರುವ ಮ್ಯಾಕ್ಸೀನ್ ಕಿಸಕ್ಕೆಂದಳು. ಥೋರಾ ಹ್ಯಾಮರ್ ಎಳೆದಳು. ಕ್ಲಿಕ್, ಕ್ಲಿಕ್, ಕ್ಲಿಕ್, ಕ್ಲಿಕ್. ನಾಲ್ಕು ಸದ್ದು, ಹಳೆಯ ಮಾದರಿಯದ್ದೇ. ಪಟ್ಟಿ ಮೇಲೇಳಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು. ಸ್ಕ್ರೂಗಳ ತಲೆಯ ಗೀರು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು.

"ಮೊನ್ನೆ ಬಿಚ್ಚಿದ್ದೀಯ."

"ಎಣ್ಣೆ ಹಾಕೋಕೆ."

"ನಾನೂ ಬಿಚ್ತೀನಿ."

"ಬೇಡ." ಲೈಲ್‌ನ ದನಿ ತಗ್ಗಿತು. "ಥೋರಾ, ಈ ಮೇಜು ಬೇಕೋ ಬೇಡ್ವೋ ಯೋಚ್ನೆ ಮಾಡು. ಒಂದು ಸಾಲು. ಯಾರೂ ಕೈ ಹಾಕಿಲ್ಲ ಅಂತ. ಅಷ್ಟೇ."

ಅವಳು ಆಗಲೇ ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದಳು. ಹಿಡಿಯ ಚೌಕಟ್ಟು ಕಳಚಿತು. ದೀಪವನ್ನು ಬಾಗಿಸಿದಳು. ಒಳಗೆ, ಹೊರಗಿನ ಕಣ್ಣಿಗೆ ಎಂದೂ ಬೀಳದ ಕಡೆ, ಸಾಸಿವೆಯಷ್ಟು ಗಾತ್ರದ ಒಂದು ಅಕ್ಷರ. ಪಟ್ಟಿ ಹಾಕಿಕೊಟ್ಟ ರಿವಾಲ್ವರಿಗೆ ಕಂಪನಿಯವರು ಒತ್ತಿ ಕಳಿಸುವ ಗುರುತು.

ಥೋರಾ ಭೂತಗನ್ನಡಿಯನ್ನು ಕೆಳಗಿಡಲಿಲ್ಲ. ಅವಳ ಕಾಲು ಹೋದ ಮೇಲೆ ಆ ಮುದುಕ ಇದನ್ನು ಪೊಟ್ಟಣ ಕಟ್ಟಿ ಕಂಪನಿಗೆ ಕಳಿಸಿದ್ದ. ತಪ್ಪು ಎಲ್ಲಿತ್ತೆಂದು ಅವನಿಗೆ ಗೊತ್ತಿತ್ತು. ಮುಖ ನೋಡದ ಯಾರಿಗೋ ಕಾಗದ ಬರೆದು ಒಪ್ಪಿಕೊಂಡವನು, ಎರಡು ಮೈಲಿ ದೂರದಲ್ಲಿದ್ದ ಅವಳ ಮನೆಗೆ ಬರಲಿಲ್ಲ. ಮಾರನೆಯ ದಿನ ಮತ್ತೆ ಬಾರಿನಲ್ಲಿ ಕೂತು ಹುಡುಗಿಗೆ ಬುದ್ಧಿಯಿಲ್ಲ ಎಂದ. ಅವನು ಬರೀ ಮೂರ್ಖ ಎಂದುಕೊಂಡು ಇಷ್ಟು ವರ್ಷ ಅವಳು ಅವನನ್ನು ಕಡಿಮೆಯೇ ದ್ವೇಷಿಸಿದ್ದಳು.

"ನಿಮ್ಮಪ್ಪ ಹಾಕ್ಸಿದ್ದ ಪಟ್ಟಿ ಎಲ್ಲಿ?"

ಲೈಲ್ ಗಿರಾಕಿಯ ಕಡೆ ನೋಡಿದ. "ಯಾವ ಪಟ್ಟಿ?"

"ಚೀಲದಲ್ಲಿದ್ದ ಹಳೇ ಭಾಗ ತೆಗೆದು ವಾಪಸ್ ಕೂರಿಸಿದ್ದೀಯಲ್ಲ, ಆಗ ಬಿಚ್ಚಿದ್ದು."

"ಬಿಸಾಕ್ದೆ," ಎಂದ ಲೈಲ್, ಹಲ್ಲು ಕಚ್ಚಿ. "ಈಗ ನೀನು ಬರಿ."

ಅವಳು ಬರೆದಳು. ಹಳೆಯ ಮಾದರಿ. ಕಂಪನಿಯಲ್ಲಿ ಬದಲಾಯಿಸಿದ್ದು. ಆಮೇಲೆ ಮನೆಯಲ್ಲಿ ಹಿಂದಿನಂತೆ ಮಾಡಿದ್ದು. ಒಳಗಿನ ಗುರುತು ನೋಡಿದ್ದೇನೆ. ಅರ್ಧ ಬೆಲೆ. ಸಹಿ ಹಾಕಿ, ಲೈಲ್‌ನ ಚಾಚಿದ ಕೈಯನ್ನು ದಾಟಿಸಿ ಗಿರಾಕಿಗೆ ಕೊಟ್ಟಳು.

ಅವನು ಬೆರಳಿನ ಸಕ್ಕರೆ ಒರೆಸಿಕೊಂಡು ಎರಡು ಸಲ ಓದಿದ. "ಅರ್ಧಕ್ಕೂ ಬೇಡ ಬಿಡಿ," ಎಂದು ಬಾಗಿಲ ಕಡೆ ಹೋದ.

"ಎದ್ದೇಳು," ಎಂದ ಲೈಲ್. "ಈಗ್ಲೇ. ಈ ಸಂತೆಗೆ ಇನ್ನು ನೀನು ಬರ್ಬೇಡ."

"ಹೌದಾ? ನಿಮ್ಮಪ್ಪನಾದ್ರೂ ಕದ್ದುಮುಚ್ಚಿ ತಪ್ಪು ಒಪ್ಕೊಂಡ. ನೀನು ಅದನ್ನೂ ಬಿಚ್ಚಿ ಬಿಸಾಕ್ದೆ."

ಥೋರಾ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿದಳು. ಹಿಡಿ ಕಳಚಿದ ರಿವಾಲ್ವರನ್ನು ಇದ್ದಹಾಗೇ ಬಿಟ್ಟಳು. ಮ್ಯಾಕ್ಸೀನ್ ಒಣಮಾಂಸದ ಡಬ್ಬಿಯೊಳಗೆ ಏನನ್ನೋ ಹುಡುಕತೊಡಗಿದಳು. ಸರದಿಯಲ್ಲಿದ್ದ ಮೂವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು; ಯಾರೂ ದೀಪ ಹಿಡಿದುಕೊಳ್ಳಲು ಕೈ ನೀಡಲಿಲ್ಲ, ಅವಳೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಮೇಜಿನಲ್ಲಿ ಚಾಕು ಮಾರುವವನೊಬ್ಬ ಅಂಗಡಿ ಹಚ್ಚಿದ್ದ.